ಎಂಟು ತಿಂಗಳು ‘ಗ್ಯಾಸ್’ ಎಂದುಕೊಂಡೆವು, ಅದು ಕರುಳಿನ ಕ್ಷಯವಾಗಿತ್ತು

ವರದಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ಹದಿನೈದು ದಿನ ಯೋಚಿಸಿದೆ. ಅಮ್ಮನಿಗೆ ಇಷ್ಟವಿಲ್ಲ. ‘ಟಿ.ಬಿ. ಎಂದು ಊರಿಗೆಲ್ಲ ಸಾರಬೇಡ’ ಎನ್ನುತ್ತಾರೆ. ಆದರೆ ನಾವು ಮಾಡಿದ ತಪ್ಪನ್ನು ಇನ್ನೊಂದು ಮನೆಯವರು ಮಾಡಬಾರದು.

ನಾವು ಹಾವೇರಿ ಕಡೆಯವರು. ತಮ್ಮನಿಗೆ 26 ವರ್ಷ, ಗ್ಯಾರೇಜಿನಲ್ಲಿ ಕೆಲಸ. ಕಳೆದ ಯುಗಾದಿಯ ಹೊತ್ತಿಗೆ ಅವನಿಗೆ ಊಟವಾದ ಒಂದೆರಡು ಗಂಟೆಗೆ ಹೊಕ್ಕುಳ ಸುತ್ತ ನುಲಿಯುವ ನೋವು ಶುರುವಾಯಿತು. ನೋವು ಬಂದಾಗ ಹೊಟ್ಟೆಯ ಒಂದು ಬದಿ ಉಂಡೆಯಂತೆ ಎದ್ದು ನಿಲ್ಲುತ್ತಿತ್ತು. ಆಮೇಲೆ ಗೊಡಗೊಡ ಸದ್ದು ಮಾಡುತ್ತ ಇಳಿದುಹೋಗುತ್ತಿತ್ತು, ಪಕ್ಕದಲ್ಲಿ ಕುಳಿತ ನಮಗೂ ಕೇಳಿಸುವಷ್ಟು. ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೆಲಸಕ್ಕೆ ಹೋಗುತ್ತಿದ್ದ. ಗ್ಯಾಸ್ ಮಾತ್ರೆ, ಸೋಡಾ, ಓಮದ ಕಷಾಯ ಎಲ್ಲವೂ ಆಯಿತು. ಬಟ್ಟಿ ಬಿದ್ದಿದೆ ಎಂದು ಅಜ್ಜಿ ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿದರು. ನೋವಿನ ಹೆದರಿಕೆಗೆ ಅವನು ಊಟವನ್ನೇ ಕಡಿಮೆ ಮಾಡಿದ. 62 ಕಿಲೋ ಇದ್ದವನು ದೀಪಾವಳಿಗೆ 47 ಆಗಿದ್ದ. ಬೆಲ್ಟಿಗೆ ಮೊಳೆ ಹೊಡೆದು ತಾನೇ ಎರಡು ಹೊಸ ತೂತು ಮಾಡಿಕೊಂಡಿದ್ದ, ಅದನ್ನು ಕಂಡೂ ನಾನು ಸುಮ್ಮನಿದ್ದೆ. ಸಂಜೆಯ ಹೊತ್ತು ಮೈ ಬೆಚ್ಚಗಾಗುತ್ತಿತ್ತು. ಕೆಮ್ಮು ಮಾತ್ರ ಒಂದು ದಿನವೂ ಇರಲಿಲ್ಲ.

ದೀಪಾವಳಿ ಕಳೆದು ಮೂರು ವಾರಕ್ಕೆ, ಎರಡು ದಿನ ಮಲವೂ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಹಸಿರು ವಾಂತಿ ಶುರುವಾಯಿತು. ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿದೆವು. ರಾತ್ರಿಯಿಡೀ ಹಾಸಿಗೆಯ ಮೇಲೆ ಹೊರಳಾಡುತ್ತಿದ್ದವನು ಮೂರು ಗಂಟೆಯ ಸುಮಾರಿಗೆ ಅಲುಗದೆ ಮಲಗಿದ. ನೋವು ಕಡಿಮೆಯಾಯಿತು ಎಂದುಕೊಂಡು ನಾನು ದೀಪ ಆರಿಸಿದೆ. ಬೆಳಗ್ಗೆ ನೋಡಿದರೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು, ಹೊದಿಕೆ ತಾಕಿದರೂ ಚೀರುತ್ತಿದ್ದ.

ಸಣ್ಣ ಕರುಳು ಎರಡು ಕಡೆ ಕಿರಿದಾಗಿ, ಮೇಲಿನ ಕಡೆ ತೂತಾಗಿತ್ತು. ಸುಮಾರು 30 ಸೆಂ.ಮೀ. ಕರುಳು ತೆಗೆದು, ಒಂದು ತುದಿಯನ್ನು ಹೊಟ್ಟೆಯ ಹೊರಗೆ ತಂದು ಚೀಲ ಕಟ್ಟಿದ್ದಾರೆ. ಬಯಾಪ್ಸಿಯಲ್ಲಿ ಕ್ಷಯ ಎಂದು ಬಂತು. ಈಗ 44 ಕಿಲೋ, ಮಾತ್ರೆ ಶುರುವಾಗಿದೆ. ಕೆಮ್ಮಿಲ್ಲದೆ ಕ್ಷಯ ಹೇಗೆ ಬಂತು? ಮಾತ್ರೆ ಶುರುವಾದ ಮೇಲೆ ಅಪಾಯ ಕಳೆದಂತೆಯೇ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕರಾವಳಿ ಅಕ್ಕ

ಓದಿ ಕಣ್ಣು ತುಂಬಿತು. ತಮ್ಮ ಬದುಕಿ ಉಳಿದನಲ್ಲ, ಅದೇ ದೊಡ್ಡದು. ಆದರೆ ಕೆಮ್ಮು, ಕಫ ಏನೂ ಇಲ್ಲದೆ ಟಿ.ಬಿ. ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ಆರು ತಿಂಗಳು ಬಿಸಿ ಮಾತ್ರೆ ನುಂಗಿಸುವ ಮೊದಲು ಇನ್ನೊಂದು ಕಡೆ ತೋರಿಸಿ.

ಬಿಸಿಲೂರ ವೈದ್ಯ

ಅಕ್ಕ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಆ ಸಲಹೆ ಬೇಡ. ತೆಗೆದ ಕರುಳಿನಲ್ಲಿಯೇ ಕ್ಷಯ ಕಂಡಿರುವಾಗ ಮಾತ್ರೆ ತಡ ಮಾಡುವುದು ಅವನ ಜೀವಕ್ಕೆ ಕೇಡು. ಉಗುರು ಮತ್ತು ಕೂದಲು ಬಿಟ್ಟರೆ ದೇಹದ ಯಾವ ಭಾಗಕ್ಕಾದರೂ ಕ್ಷಯ ಬರಬಹುದು. ಹೊಟ್ಟೆಯ ಕ್ಷಯ ಇರುವ ಬಹಳ ಮಂದಿಯಲ್ಲಿ ಎದೆಯ ಎಕ್ಸ್-ರೇ ಸ್ವಚ್ಛವಾಗಿಯೇ ಇರುತ್ತದೆ.

ನಾನು ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ. ವರದಾತೀರ ಅವರೇ, ಊಟದ ನಂತರ ನುಲಿಯುವ ನೋವು, ಎದ್ದು ಇಳಿಯುವ ಉಂಡೆ, ಗೊಡಗೊಡ ಸದ್ದು, ಇಳಿದ ತೂಕ, ಸಂಜೆಯ ಜ್ವರ: ನೀವು ಬರೆದ ಈ ಐದು ಸಂಗತಿಗಳನ್ನು ಓದುತ್ತಿದ್ದಂತೆಯೇ ನನಗೆ ಕಿರಿದಾದ ಕರುಳು ಕಣ್ಣ ಮುಂದೆ ಬಂತು. ಉಂಡೆಯಂತೆ ಎದ್ದು ನಿಲ್ಲುತ್ತಿತ್ತಲ್ಲ, ಅದು ಕರುಳೇ. ಮುಂದೆ ದಾರಿ ಇಕ್ಕಟ್ಟಾದಾಗ ಹಿಂದಿನ ಕರುಳು ಮೈಯೆಲ್ಲ ಬಿಗಿ ಹಿಡಿದು ಅನ್ನವನ್ನು ತಳ್ಳುತ್ತದೆ. ತಳ್ಳಿ ಗೆದ್ದಾಗ ಸದ್ದು ಕೇಳುತ್ತದೆ, ನೋವು ನಿಲ್ಲುತ್ತದೆ. ಎಂಟು ತಿಂಗಳು ಅದು ಗೆಲ್ಲುತ್ತಲೇ ಬಂದಿತ್ತು.

ರೋಗಾಣು ಹೊಟ್ಟೆಗೆ ಹೋಗುವ ದಾರಿಗಳು ಹಲವು. ಶ್ವಾಸಕೋಶದ ಕ್ಷಯ ಇರುವವರು ಕಫ ನುಂಗಿದರೆ ಹೋಗುತ್ತದೆ. ಎಂದೋ ಎದೆಯಲ್ಲಿ ಬಂದು ಅಡಗಿ ಕುಳಿತದ್ದು ರಕ್ತದಲ್ಲಿ ಹರಿದು ಬರಬಹುದು. ಕಾಯಿಸದ ಹಾಲಿನಿಂದ ಜಾನುವಾರುಗಳ ಕ್ಷಯವೂ ಬರಬಹುದು. ಹೆಚ್ಚಾಗಿ ನೆಲೆಯೂರುವುದು ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ, ಹೊಟ್ಟೆಯ ಬಲ ಕೆಳಭಾಗದಲ್ಲಿ. ಅಲ್ಲಿ ಆಹಾರ ಹೆಚ್ಚು ಹೊತ್ತು ತಂಗುತ್ತದೆ, ಕರುಳಿನ ಗೋಡೆಯಲ್ಲಿ ದುಗ್ಧರಸದ ಅಂಗಾಂಶವೂ ದಟ್ಟವಾಗಿರುತ್ತದೆ. ಟೈಫಾಯಿಡ್‌ನ ಹುಣ್ಣು ಕರುಳಿನ ಉದ್ದಕ್ಕೆ ಮಲಗಿರುತ್ತದೆ, ಮಾಗಿದರೆ ದಾರಿ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಕ್ಷಯದ ಹುಣ್ಣು ಬಳೆಯಂತೆ ಸುತ್ತ ಬರುತ್ತದೆ. ಅದು ಮಾಗುವಾಗ ಗೋಣಿಚೀಲದ ಬಾಯಿಗೆ ದಾರ ಎಳೆದಂತೆ ಕರುಳನ್ನು ಬಿಗಿಯುತ್ತದೆ.

ಇಂಥ ಹೊಟ್ಟೆ ತೆರೆದಾಗ ಕಾಣುವುದನ್ನು ಹೇಳುತ್ತೇನೆ, ಹೆದರಬೇಡಿ. ಕರುಳಿನ ಮೇಲೆ, ಹೊಟ್ಟೆಯ ಒಳಪದರದ ಮೇಲೆ ಗಸಗಸೆ ಚೆಲ್ಲಿದಂತೆ ಬಿಳಿ ಕಾಳುಗಳು. ಬಿಗಿದ ಜಾಗದ ಕೆಳಗೆ ಕರುಳು ಕಿರುಬೆರಳಿನಷ್ಟು, ಮೇಲೆ ನನ್ನ ಮುಂಗೈಯಷ್ಟು ದಪ್ಪ. ಒಮ್ಮೆ ಆ ಇಕ್ಕಟ್ಟಿನ ಬಾಗಿಲಲ್ಲಿ ಒಂದು ನೇರಳೆ ಬೀಜ ಸಿಕ್ಕಿಕೊಂಡಿತ್ತು. ತಿಂಗಳುಗಟ್ಟಲೆ ಗಂಜಿ ಕುಡಿದು ಬದುಕಿದ್ದ ಹೆಂಗಸು ಯಾವಾಗಲೋ ಆಸೆಪಟ್ಟು ತಿಂದ ಹಣ್ಣು.

ಹಿಗ್ಗಿದ ಭಾಗದ ಗೋಡೆ ತೆಳ್ಳಗಾಗಿ, ರಕ್ತ ಸಾಲದೆ ಹುಣ್ಣಿನ ಜಾಗದಲ್ಲಿ ಒಡೆಯುತ್ತದೆ. ತೂತು ಬೀಳುವುದು ಹೆಚ್ಚಾಗಿ ಬಿಗಿದ ಜಾಗದ ಸ್ವಲ್ಪ ಮೇಲೆಯೇ. ನಿಮ್ಮ ತಮ್ಮ ಅಲುಗದೆ ಮಲಗಿದ್ದು ಆಗಲೇ. ಕರುಳು ನುಲಿಯುವಾಗ ಮನುಷ್ಯ ಹೊರಳಾಡುತ್ತಾನೆ. ಕರುಳು ಒಡೆದು ಒಳಗಿನದು ಹೊಟ್ಟೆಗೆ ಚೆಲ್ಲಿದಾಗ ಅಲುಗಿದರೆ ನೋವು, ಆದ್ದರಿಂದ ಕಟ್ಟಿಗೆಯಂತೆ ಮಲಗುತ್ತಾನೆ. ನೋವು ಇಳಿಯಿತು ಎಂದು ಮನೆಯವರು ಉಸಿರು ಬಿಡುವುದು ಆಗಲೇ. ಇದನ್ನು ಎಷ್ಟೋ ಮನೆಯವರ ಬಾಯಿಂದ ಕೇಳಿದ್ದೇನೆ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಹರಳೆಣ್ಣೆಯ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ವಾಂತಿ, ಉಬ್ಬರ ಇದ್ದು, ಮಲ ಮತ್ತು ಗಾಳಿ ಎರಡೂ ನಿಂತಿದ್ದರೆ ಭೇದಿಯ ಔಷಧ ಕೊಡಲೇಬಾರದು. ಮುಚ್ಚಿದ ಬಾಗಿಲಿಗೆ ಹಿಂದಿನಿಂದ ಗುದ್ದಿದಂತೆ ಆಗುತ್ತದೆ. ಹೊಟ್ಟೆ ತಿಕ್ಕುವುದೂ ಬೇಡ, ಬಾಯಿಗೆ ನೀರೂ ಬೇಡ. ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೊರಡುವುದೊಂದೇ ಕೆಲಸ.

ವರದಾತೀರ

ಡಾಕ್ಟರೇ, ಇಷ್ಟು ಬಿಡಿಸಿ ನಮಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೂ ಓದಿ ಹೇಳಿದೆ. ಒಂದು ಪ್ರಶ್ನೆ: ಕೆಟ್ಟ ಭಾಗ ತೆಗೆದ ಮೇಲೆ ಅಲ್ಲಿಯೇ ಜೋಡಿಸಬಹುದಿತ್ತಲ್ಲವೇ? ಚೀಲ ಏಕೆ ಬೇಕಾಯಿತು?

ಬಿಸಿಲೂರ ವೈದ್ಯ

ಹೊಟ್ಟೆ ತುಂಬ ಕೀವು, ಊದಿಕೊಂಡ ಕರುಳು, 47 ಕಿಲೋಗೆ ಇಳಿದ ಮೈ. ಅಂಥ ಕಡೆ ಜೋಡಿಸಿದರೆ ಹೊಲಿಗೆ ಬಿಟ್ಟುಹೋಗುವ ಅಪಾಯ ದೊಡ್ಡದು, ಬಿಟ್ಟರೆ ಎರಡನೆಯ ಬಾರಿ ಉಳಿಸುವುದು ಕಷ್ಟ. ಚೀಲ ಅವನ ಜೀವ ಉಳಿಸಿದೆ. ಮೈ ತುಂಬಿಕೊಂಡು ಮಾತ್ರೆ ಹಿಡಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ, ಕರುಳನ್ನು ಒಳಗೆ ಸೇರಿಸುತ್ತಾರೆ.

ತೂತಿಲ್ಲದೆ ಬರೀ ಬಿಗಿದುಕೊಂಡಿದ್ದರೆ ಕೆಲವೊಮ್ಮೆ ಕರುಳು ತೆಗೆಯದೆಯೂ ಸರಿಪಡಿಸುತ್ತೇವೆ. ಬಿಗಿದ ಜಾಗವನ್ನು ಉದ್ದಕ್ಕೆ ಕೊಯ್ದು ಅಡ್ಡಕ್ಕೆ ಹೊಲಿಯುವುದು, ದಾರಿ ಅಗಲವಾಗುತ್ತದೆ. ಇದನ್ನು ಕ್ಷಯದ ಕರುಳಿಗಾಗಿ 1977ರಲ್ಲಿ ವರದಿ ಮಾಡಿದವರು ನಮ್ಮ ದೇಶದವರೇ ಆದ ಡಾ. ಕಟಾರಿಯಾ ಮತ್ತು ಅವರ ಸಂಗಡಿಗರು. ಆಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಗೂ ಇದನ್ನೇ ಬಳಸತೊಡಗಿದರು. ಬಡವರ ಕಾಯಿಲೆಗೆ ಕಂಡುಕೊಂಡ ಈ ಹೊಲಿಗೆ ಲೋಕಕ್ಕೆಲ್ಲ ಉಪಯೋಗಕ್ಕೆ ಬಂತು. ಇದನ್ನು ನೆನೆದಾಗ ನನಗೆ ಈ ವೃತ್ತಿಯ ಬಗ್ಗೆ ಹೆಮ್ಮೆಯಾಗುತ್ತದೆ.

ಸಹ್ಯಾದ್ರಿ

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಅನುಭವವೇ ಉತ್ತರ. ಮಾತ್ರೆ ಶುರುವಾದ ಮಾತ್ರಕ್ಕೆ ಅಪಾಯ ಕಳೆಯುವುದಿಲ್ಲ. ನನಗೆ ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಯಲ್ಲಿ ಕ್ಷಯ ಎಂದು ತಿಳಿದು ಮಾತ್ರೆ ಆರಂಭಿಸಿದರು. ಒಂದು ತಿಂಗಳಲ್ಲಿ ಜ್ವರ ಬಿಟ್ಟಿತು, ಹಸಿವು ಬಂತು, ಮನೆಯವರೆಲ್ಲ ಗೆದ್ದೆವು ಎಂದುಕೊಂಡರು. ಮೂರನೆಯ ತಿಂಗಳಲ್ಲಿ ಅತ್ತೆಯ ಮನೆಯ ಹಬ್ಬದಲ್ಲಿ ಹಲಸಿನ ತೊಳೆ ತಿಂದೆ. ಅಂದು ರಾತ್ರಿಯೇ ಕರುಳು ಕಟ್ಟಿ ಆಸ್ಪತ್ರೆ ಸೇರಿದೆ. ಹುಣ್ಣು ಮಾಗುವಾಗಲೇ ಕರುಳು ಇನ್ನಷ್ಟು ಬಿಗಿಯಬಹುದು, ಮದ್ದು ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥವಲ್ಲ ಎಂದು ಅಲ್ಲಿ ವಿವರಿಸಿದರು. ಮೊದಲೇ ಹೇಳಿದ್ದರೆ ಹಲಸಿಗೆ ಕೈ ಹಾಕುತ್ತಿರಲಿಲ್ಲ.

ಆದ್ದರಿಂದ ಕರುಳು ಕಿರಿದಾಗಿದೆ ಎಂದು ಗೊತ್ತಿರುವವರು ನಾರು ಜಾಸ್ತಿ ಇರುವುದನ್ನು ದೂರವಿಡಿ. ಹಲಸು, ಬಾಳೆದಿಂಡು, ನುಗ್ಗೆಕಾಯಿಯ ಚಕ್ಕೆ, ಸಿಪ್ಪೆ ಸಮೇತ ಕಿತ್ತಳೆ ತೊಳೆ ಯಾವುದೂ ಬೇಡ. ನಾನು ರಾಗಿ ಅಂಬಲಿ, ಮೆತ್ತನೆಯ ಅನ್ನ, ಬೇಳೆಕಟ್ಟು, ಮೊಟ್ಟೆ, ಮೊಸರಿನಲ್ಲಿ ನಡೆಸಿದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ.

ಹೆಣ್ಣುಮಕ್ಕಳು ಇದನ್ನೂ ಕೇಳಿ. ಕ್ಷಯದ ಮದ್ದುಗಳಲ್ಲಿ ಒಂದಾದ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿರುವಾಗ ಗರ್ಭನಿರೋಧಕ ಗುಳಿಗೆಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇರೆ ವಿಧಾನ ಬಳಸಬೇಕೆಂದು ನಾನಾಗಿಯೇ ಕೇಳಿದ ಮೇಲೆ ತಿಳಿಯಿತು. ಮೂತ್ರ ಕಿತ್ತಳೆ ಬಣ್ಣವಾದರೆ ಮಾತ್ರ ಹೆದರಬೇಡಿ, ಅದು ಆ ಮಾತ್ರೆಯ ಬಣ್ಣ.

ಜಯನಗರದವನು

ನನ್ನ ಅಣ್ಣನ ಕಥೆ ಬೇರೆಯದೇ. ಮೊದಲು ತೋರಿಸಿದ ಕಡೆ ಕ್ರೋನ್ಸ್ ಎಂದು ಸ್ಟೀರಾಯ್ಡ್ ಕೊಟ್ಟರು. ಒಂದು ವಾರ ಎಷ್ಟು ಚೆನ್ನಾಗಿದ್ದ ಎಂದರೆ ನಾವು ಸಿಹಿ ಹಂಚಿದೆವು. ನಾಲ್ಕನೆಯ ವಾರಕ್ಕೆ ಜ್ವರ ಮರಳಿತು, ಹೊಟ್ಟೆಯಲ್ಲಿ ನೀರು ತುಂಬಿತು. ಆ ನೀರನ್ನು ಪರೀಕ್ಷಿಸಿದ ಮೇಲೆ ಕ್ಷಯ ಎಂದು ತಿಳಿಯಿತು. ಎರಡು ಕಾಯಿಲೆಗಳನ್ನು ಇಷ್ಟು ಸುಲಭವಾಗಿ ಅದಲುಬದಲು ಮಾಡಿಕೊಳ್ಳಬಹುದೇ?

ಬಿಸಿಲೂರ ವೈದ್ಯ

ಮಾಡಿಕೊಳ್ಳಬಹುದು, ನುರಿತವರೂ ಎಡವುತ್ತಾರೆ. ಎರಡೂ ಒಂದೇ ಜಾಗದಲ್ಲಿ ಬರುತ್ತವೆ, ಎರಡರಲ್ಲೂ ಹುಣ್ಣು ಮತ್ತು ಇಕ್ಕಟ್ಟು ಇರುತ್ತದೆ, ಎರಡೂ ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ, ಅಂದರೆ ಜೀವಕೋಶಗಳ ಸಣ್ಣ ಗಂಟುಗಳನ್ನು, ತೋರಿಸಬಹುದು. ಕರುಳಿನ ಚೂರಿನಲ್ಲಿ ರೋಗಾಣುಗಳು ಬಹಳ ಕಡಿಮೆ ಇರುವುದರಿಂದ, ರೋಗಾಣುವಿನ ವಂಶವಾಹಿಯನ್ನು ಹುಡುಕುವ ಸಿಬಿನ್ಯಾಟ್‌ನಂಥ ಒಳ್ಳೆಯ ಪರೀಕ್ಷೆಯೂ ಎಷ್ಟೋ ಸಲ ‘ಇಲ್ಲ’ ಎನ್ನುತ್ತದೆ. ‘ಇಲ್ಲ’ ಎಂದು ಬಂದರೆ ಕ್ಷಯವಿಲ್ಲ ಎಂದು ಖಚಿತವಾಗುವುದಿಲ್ಲ. ಹೊಟ್ಟೆಯ ನೀರಿನಲ್ಲಿ ಎಡಿಎ ಎಂಬ ಕಿಣ್ವ ಏರಿರುವುದು ಒಂದು ಒಳ್ಳೆಯ ಸುಳಿವು. ಸ್ಟೀರಾಯ್ಡ್ ಕ್ರೋನ್ಸ್ ಅನ್ನು ತಣಿಸುತ್ತದೆ, ಕ್ಷಯವನ್ನು ಸದ್ದಿಲ್ಲದೆ ಬೆಳೆಯಬಿಡುತ್ತದೆ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ, ತೂಗಿ ನೋಡಿದರೂ ತೀರ್ಮಾನವಾಗದಾಗ, ಅನೇಕ ವೈದ್ಯರು ಮೊದಲು ಕ್ಷಯದ ಮದ್ದು ಕೊಟ್ಟು ಎರಡು ಮೂರು ತಿಂಗಳಿಗೆ ಮತ್ತೆ ಕರುಳನ್ನು ಇಣುಕಿ ನೋಡುತ್ತಾರೆ. ಹುಣ್ಣು ಮಾಗಿದ್ದರೆ ಉತ್ತರ ಸಿಕ್ಕಂತೆ.

ಹೈನುಗಾರ

ನಾವು ನೊರೆಹಾಲು ಕುಡಿದೇ ಬೆಳೆದವರು. ಬಿಡಬೇಕೇ?

ಬಿಸಿಲೂರ ವೈದ್ಯ

ಬಿಡಿ. ಉಕ್ಕು ಬರುವ ಹಾಗೆ ಕಾಯಿಸಿ ಕುಡಿಯಿರಿ, ಸಾಕು. ನಮ್ಮಲ್ಲಿ ಹೊಟ್ಟೆಯ ಕ್ಷಯದ ಬಹುಪಾಲು ಮನುಷ್ಯರ ಕ್ಷಯದ ರೋಗಾಣುವಿನಿಂದಲೇ ಬರುವುದು, ಆದರೂ ಹಸಿ ಹಾಲಿನ ದಾರಿಯನ್ನು ತೆರೆದಿಡಬೇಕಾಗಿಲ್ಲ.

ಮಾತ್ರೆಡಬ್ಬಿ

ನಾನು ಸರ್ಕಾರದ ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಮೇಲ್ವಿಚಾರಕ. ವರದಾತೀರ ಅಣ್ಣ, ಮೊದಲು ಅಮ್ಮನ ವಿಷಯ. ಮೈಸೂರಿನ ರಾಜಮನೆತನದ ಕೃಷ್ಣಾಜಮ್ಮಣ್ಣಿಯವರನ್ನೂ ಕ್ಷಯವೇ ಕೊಂಡೊಯ್ಯಿತು. ಅವರ ಹೆಸರಿನಲ್ಲಿ 1921ರಲ್ಲಿ ಆರಂಭವಾದ ಕ್ಷಯರೋಗದ ಆಸ್ಪತ್ರೆ ಮೈಸೂರಿನಲ್ಲಿದೆ. ಅರಮನೆಗೆ ಬಂದ ಕಾಯಿಲೆ ನಮ್ಮ ಮನೆಗೆ ಬಂದರೆ ತಲೆ ತಗ್ಗಿಸುವುದು ಏಕೆ ಎಂದು ನಾನು ತಾಯಂದಿರಿಗೆ ಹೇಳುತ್ತಿರುತ್ತೇನೆ. ಹೊಟ್ಟೆಯಲ್ಲಿ ಮಾತ್ರ ಇರುವ ಕ್ಷಯ ಮಾತಿನಿಂದ, ತಟ್ಟೆಯಿಂದ, ಹಾಸಿಗೆಯಿಂದ ಹರಡುವುದಿಲ್ಲ. ಆದರೂ ಶ್ವಾಸಕೋಶದಲ್ಲಿಯೂ ಇದೆಯೇ ಎಂದು ಅವನಿಗೆ ಎಕ್ಸ್-ರೇ ಆಗಿರಬೇಕು. ಮನೆಯವರೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ಅವನಿಗೆ ಅದು ಯಾರಿಂದಲೋ ಬಂದಿರುತ್ತದೆಯಲ್ಲ.

ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಮದ್ದು, ನಂತರದ ನಾಲ್ಕು ತಿಂಗಳು ಮೂರು. ಎಲ್ಲವೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ಎಣಿಕೆ ತೂಕದ ಮೇಲೆ. 35ರಿಂದ 49 ಕಿಲೋದವರಿಗೆ ದಿನಕ್ಕೆ ಮೂರು, 50ರಿಂದ 64ರವರಿಗೆ ನಾಲ್ಕು. ತೂಕ ಐದು ಕಿಲೋಗಿಂತ ಹೆಚ್ಚಾಗಿ ಮುಂದಿನ ಗುಂಪಿಗೆ ದಾಟಿದರೆ ಎಣಿಕೆಯೂ ಬದಲಾಗುತ್ತದೆ, ಆದ್ದರಿಂದ ಪ್ರತಿ ತಿಂಗಳು ತೂಗಿಸಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಬಣ್ಣಗಳು ಮಂಕಾಗಿ ಕಂಡರೆ ಅಂದೇ ವೈದ್ಯರನ್ನು ಕಾಣಿ.

ಖಾಸಗಿಯಲ್ಲಿ ಚಿಕಿತ್ಸೆ ಪಡೆದರೂ ಸರ್ಕಾರದ ಕ್ಷಯರೋಗಿಗಳ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ದಾಖಲಾಗಬೇಕು. ದಾಖಲಾದವರಿಗೆ ಆಹಾರಕ್ಕಾಗಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಇದು 500 ಇತ್ತು, 2024ರ ನವೆಂಬರ್‌ನಿಂದ ದುಪ್ಪಟ್ಟಾಗಿದೆ. ಬರದಿದ್ದರೆ 1800-11-6666ಕ್ಕೆ ಕರೆ ಮಾಡಿ. ಆ ದುಡ್ಡಿನಲ್ಲಿ ಅವನಿಗೆ ಮೊಟ್ಟೆ, ಬೇಳೆ ಕೊಡಿ. ಇದನ್ನು ಒತ್ತಿ ಹೇಳುತ್ತಿರುವುದು ಏಕೆಂದರೆ ಎಷ್ಟೋ ಮನೆಗಳಲ್ಲಿ ಅದು ಸಾಲದ ಬಡ್ಡಿಗೆ ಹೋಗುವುದನ್ನು ನೋಡಿದ್ದೇನೆ.

ಶುಶ್ರೂಷಕಿ

ಚೀಲದ ಆರೈಕೆಯ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಸಣ್ಣ ಕರುಳಿನಿಂದ ಬರುವುದು ನೀರಾಗಿರುತ್ತದೆ, ಅದರಲ್ಲಿ ಜೀರ್ಣರಸವಿರುತ್ತದೆ, ಚರ್ಮಕ್ಕೆ ತಾಕಿದರೆ ಸುಡುತ್ತದೆ. ಹೆಚ್ಚಿನವರು ಮಾಡುವ ತಪ್ಪು ಎಂದರೆ ಚೀಲದ ತೂತನ್ನು ದೊಡ್ಡದಾಗಿ ಕತ್ತರಿಸುವುದು. ಕರುಳಿನ ಬಾಯಿಯ ಅಳತೆ ತೆಗೆದು, ಒಂದೆರಡು ಮಿಲಿಮೀಟರ್ ಮಾತ್ರ ಹೆಚ್ಚಿಟ್ಟು ಕತ್ತರಿಸಿ. ಚರ್ಮವನ್ನು ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಇಲ್ಲವಾದರೆ ಭಾರಕ್ಕೆ ಕಿತ್ತುಬರುತ್ತದೆ. ಕರುಳಿನ ಬಾಯಿ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿ ಇರಬೇಕು. ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಓಡಿ.

ನೀರು ಮತ್ತು ಉಪ್ಪು ಹೊರಗೆ ಹರಿಯುತ್ತಲೇ ಇರುತ್ತದೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಬೇಕು. ಮೂತ್ರ ಕಡಿಮೆಯಾದರೆ, ನಿಂತಾಗ ತಲೆ ಸುತ್ತಿದರೆ ಡ್ರಿಪ್ ಹಾಕಿಸಬೇಕಾಗಬಹುದು. ಕಾಯಿತುರಿ, ಕಡಲೆಬೀಜ ಸದ್ಯಕ್ಕೆ ಬೇಡ, ಕರುಳಿನ ಬಾಯಿ ಕಟ್ಟಿಕೊಳ್ಳುತ್ತದೆ. ಇನ್ನು, ಸಣ್ಣ ಕರುಳಿನ ಕೊನೆಯ ಭಾಗ ಹೋಗಿದ್ದರೆ ಬಿ12 ಹೀರುವ ಜಾಗವೇ ಹೋದಂತೆ. ಸೂಜಿ ಬೇಕೇ ಎಂದು ವೈದ್ಯರನ್ನು ಕೇಳಿ.

ನನ್ನ ವಾರ್ಡಿನಲ್ಲಿ ಒಬ್ಬ ಹುಡುಗ ಎರಡು ವಾರ ತನ್ನ ಚೀಲವನ್ನು ನೋಡಲೇ ಇಲ್ಲ, ಮುಖ ಗೋಡೆಗೆ ತಿರುಗಿಸಿ ಮಲಗುತ್ತಿದ್ದ. ಅವನ ಅಕ್ಕ ಒಂದು ಮಾತೂ ಆಡದೆ ಬದಲಿಸುತ್ತಿದ್ದಳು. ಒಂದು ದಿನ ಅವಳಿಗೆ ಬಸ್ ತಡವಾಯಿತು. ಬಂದು ನೋಡುವಷ್ಟರಲ್ಲಿ ಅವನೇ ಬದಲಿಸಿಕೊಂಡು, ಕತ್ತರಿ ತೊಳೆದು ಇಟ್ಟಿದ್ದ. ನಿಮ್ಮ ತಮ್ಮನಿಗೂ ಸಮಯ ಕೊಡಿ.

ಮಂಡ್ಯದ ಮಗಳು, ರಾತ್ರಿ 10:50

ಕ್ಷಮಿಸಿ, ಎಲ್ಲವನ್ನೂ ಓದಲು ಸಮಯವಿಲ್ಲ. ಅಮ್ಮನಿಗೆ 52 ವರ್ಷ, ಹೊಟ್ಟೆಯ ಕ್ಷಯಕ್ಕೆ ಮಾತ್ರೆ ನಾಲ್ಕನೆಯ ತಿಂಗಳು. ಬೆಳಗ್ಗೆಯಿಂದ ಹಸಿರು ವಾಂತಿ, ಹೊಟ್ಟೆ ಉಬ್ಬಿದೆ, ನಿನ್ನೆಯಿಂದ ಗಾಳಿಯೂ ಹೋಗಿಲ್ಲ. ಮಾತ್ರೆಯ ಉಷ್ಣ, ಬೆಳಗಾಗಲಿ ಎಂದು ಅಪ್ಪ ಹೇಳುತ್ತಿದ್ದಾರೆ.

ಬಿಸಿಲೂರ ವೈದ್ಯ, ರಾತ್ರಿ 10:56

ತಂಗಿ, ಬೆಳಗಿನವರೆಗೆ ಕಾಯಬೇಡಿ. ಬಾಯಿಗೆ ಏನೂ ಕೊಡಬೇಡಿ. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ಹೋಗಿ. ಹಳೆಯ ಸ್ಕ್ಯಾನ್, ಬಯಾಪ್ಸಿ ವರದಿ, ಮಾತ್ರೆಯ ಚೀಟಿ ಜೊತೆಗಿರಲಿ. ‘ಕರುಳಿನ ಕ್ಷಯ, ಗಾಳಿ ನಿಂತಿದೆ’ ಎಂಬುದನ್ನೇ ಮೊದಲು ಹೇಳಿ. ಅಪ್ಪನಿಗೆ ಈ ಸಂದೇಶವನ್ನು ತೋರಿಸಿ.

ಮಂಡ್ಯದ ಮಗಳು, ಬೆಳಗಿನ ಜಾವ 3:20

ತಲುಪಿದೆವು. ಮೂಗಿನಿಂದ ನಳಿಕೆ ಹಾಕಿದ ತಕ್ಷಣ ಒಂದೂವರೆ ಲೀಟರ್ ಹಸಿರು ನೀರು ಬಂತು, ಅಮ್ಮ ಅಲ್ಲಿಯೇ ನಿದ್ದೆ ಹೋದರು. ಎಕ್ಸ್-ರೇಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರು ನಿಂತಿರುವುದನ್ನು ವೈದ್ಯರು ತೋರಿಸಿದರು. ತೂತು ಬಿದ್ದಿಲ್ಲವಂತೆ. ಪೊಟ್ಯಾಸಿಯಂ ಕಡಿಮೆ ಇದೆ ಎಂದು ಡ್ರಿಪ್‌ನಲ್ಲಿ ಕೊಡುತ್ತಿದ್ದಾರೆ. ಅಪ್ಪ ಹೊರಗಿನ ಬೆಂಚಿನಲ್ಲಿ ತಲೆಗೆ ಕೈ ಹೊತ್ತು ಕುಳಿತಿದ್ದಾರೆ.

ಮಂಡ್ಯದ ಮಗಳು, ಮೂರು ದಿನಗಳ ನಂತರ

ಇಂದು ಬೆಳಗ್ಗೆ ಅಮ್ಮನಿಗೆ ಗಾಳಿ ಹೋಯಿತು. ನಳಿಕೆ ತೆಗೆದು ಗುಟುಕು ಗುಟುಕಾಗಿ ನೀರು ಕೊಡುತ್ತಿದ್ದಾರೆ. ಸಿ.ಟಿ.ಯಲ್ಲಿ ಒಂದೇ ಕಡೆ ಬಿಗಿದಿದೆ, ಮೈ ಸುಧಾರಿಸಿದ ಮೇಲೆ ದಿನ ನೋಡಿ ಶಸ್ತ್ರಚಿಕಿತ್ಸೆ ಮಾಡೋಣ ಎಂದಿದ್ದಾರೆ. ನಾಲ್ಕು ದಿನದ ಕ್ಷಯದ ಮಾತ್ರೆ ತಪ್ಪಿದೆ. ಮೊದಲಿನಿಂದ ಶುರು ಮಾಡಬೇಕೇ?

ಮಾತ್ರೆಡಬ್ಬಿ

ಬೇಡ ತಾಯಿ. ವೈದ್ಯರು ಬಾಯಿಂದ ಕೊಡಬಹುದು ಎಂದ ದಿನದಿಂದ ಮುಂದುವರಿಸಿ, ತಪ್ಪಿದ ದಿನಗಳನ್ನು ಕೊನೆಗೆ ಸೇರಿಸುತ್ತಾರೆ. ನಿಮ್ಮ ಆರೋಗ್ಯ ಕೇಂದ್ರದವರಿಗೆ ಆಸ್ಪತ್ರೆ ಸೇರಿದ ವಿಷಯ ಇಂದೇ ತಿಳಿಸಿ, ಚೀಟಿಯಲ್ಲಿ ಬರೆದುಕೊಳ್ಳಲಿ.

ವರದಾತೀರ

ಮಂಡ್ಯದ ತಂಗಿ, ಅಂದು ರಾತ್ರಿ ನಿಮ್ಮ ಸಂದೇಶ ನೋಡಿದ ಮೇಲೆ ನನಗೂ ನಿದ್ದೆ ಬರಲಿಲ್ಲ. ಅಮ್ಮ ಪಕ್ಕದಲ್ಲಿಯೇ ಕುಳಿತು ‘ಆ ಹುಡುಗಿ ಉತ್ತರ ಬರೆದಳೇ’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಮೂರೂವರೆಗೆ ಓದಿ ಹೇಳಿದೆ, ಆಮೇಲೆ ಮಲಗಿದರು. ಈಗ ನೆರೆಮನೆಯ ಗೌರಮ್ಮನವರಿಗೆ ತಾವೇ ಹೋಗಿ ಹೇಳಿದ್ದಾರೆ, ಅವರ ಮಗನಿಗೂ ಊಟವಾದ ಮೇಲೆ ಹೊಟ್ಟೆ ನುಲಿಯುತ್ತದಂತೆ. ನಾಳೆ ಅವನನ್ನು ಕರೆದುಕೊಂಡು ಹೋಗುತ್ತಿದ್ದೇವೆ.

ತಮ್ಮ ಇಂದು 51 ಕಿಲೋ ತೂಗಿದ. ಮಾತ್ರೆ ನಾಲ್ಕಾಗಬೇಕೇ ಎಂದು ನಾಳೆಯೇ ಕೇಳಿಕೊಂಡು ಬರುತ್ತೇನೆ.